ಗೇರ್‌ಬಾಕ್ಸ್ ಇಳಿಸುವ ಮೊದಲೇ ‘ಫ್ಲೈವೀಲ್ ಹೋಗಿದೆ’ ಎಂದರೆ?

ಪ್ರಶ್ನೆ: ನನ್ನದು 2016ರ ಆಲ್ಟೋ 800, ಓಡಿದ್ದು 68,000 ಕಿ.ಮೀ. ಮನೆ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ರಸ್ತೆಯಿಂದ ಅಂಗಳಕ್ಕೆ ಕಡಿದಾದ ಏರು. ಒಂದು ತಿಂಗಳಿನಿಂದ ಗೊಬ್ಬರದ ಚೀಲ ಹಾಕಿಕೊಂಡು ಏರು ಹತ್ತಿಸುವಾಗ ಎಂಜಿನ್ ಬೊಬ್ಬೆ ಹೊಡೆಯುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ, ಸುಟ್ಟ ವಾಸನೆ ಬೇರೆ. ಮೆಕ್ಯಾನಿಕ್ ಹತ್ತಿರ ಹೋಗಿ ‘ಕ್ಲಚ್ ಹೋದ ಹಾಗಿದೆ, ನೋಡಿ’ ಎಂದೆ. ಒಂದು ರೌಂಡ್ ಓಡಿಸಿ ಬಂದು ಚೀಟಿ ಬರೆದುಕೊಟ್ಟರು. ಮಲಯಾಳದಲ್ಲಿತ್ತು, ಮಗಳು ಓದಿ ಹೇಳಿದಳು: ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್, ಕೇಬಲ್, ಓಯಿಲ್ ಸೀಲ್, ಗೇರ್ ಓಯಿಲ್, ಫ್ಲೈವೀಲ್, ಮಜೂರಿ, ಎಲ್ಲ ಸೇರಿ 16,500 ರೂಪಾಯಿ. ನನ್ನ ಭಾವ ಹೇಳುವುದು, ಕೇಬಲ್ ಬಿಗಿ ಮಾಡಿದರೆ ಸಾಕು, ಉಳಿದದ್ದೆಲ್ಲ ದುಡ್ಡು ಮಾಡುವ ಉಪಾಯ ಅಂತ. ಯಾರನ್ನು ನಂಬಲಿ?

ಉತ್ತರ: ಮೊದಲು ಭಾವನ ಮಾತನ್ನೇ ನೋಡೋಣ, ಅದನ್ನು ಪರೀಕ್ಷಿಸಲಿಕ್ಕೆ ಒಂದು ಪೈಸೆಯೂ ಬೇಡ. ಎಂಜಿನ್ ಬಂದ್ ಮಾಡಿ, ಬಾಗಿಲು ತೆರೆದು ಹೊರಗಿನಿಂದಲೇ ಬಗ್ಗಿ, ಕ್ಲಚ್ ಪೆಡಲನ್ನು ಕೈಬೆರಳಿನಿಂದ ಒತ್ತಿ. ಕಾಲಿಗೆ ಈ ಸೂಕ್ಷ್ಮ ಗೊತ್ತಾಗುವುದಿಲ್ಲ. ಪೆಡಲ್ ಮೊದಲು ಸ್ವಲ್ಪ ಸಡಿಲವಾಗಿ ಹೋಗಿ ಆಮೇಲೆ ಗಟ್ಟಿ ಸಿಗಬೇಕು. ಈ ಸಡಿಲಕ್ಕೆ ಗ್ಯಾರೇಜಿನಲ್ಲಿ ‘ಪ್ಲೇ’ ಎನ್ನುತ್ತಾರೆ. ನಿಮ್ಮದು ಕೇಬಲ್ ಕ್ಲಚ್; ಅದರಲ್ಲಿ ಹೆಚ್ಚುಕಮ್ಮಿ ಒಂದು ಬೆರಳು ದಪ್ಪದಷ್ಟು ಪ್ಲೇ ಇರಬೇಕು.

ಎಂಜಿನ್ನಿನ ಜತೆ ತಿರುಗುವ ಭಾರದ ಚಕ್ರವೇ ಫ್ಲೈವೀಲ್. ಪ್ರೆಷರ್ ಪ್ಲೇಟ್ ಕ್ಲಚ್ ಪ್ಲೇಟನ್ನು ಅದಕ್ಕೆ ಒತ್ತಿ ಹಿಡಿಯುತ್ತದೆ; ಪೆಡಲ್ ತುಳಿದಾಗ ಕೇಬಲ್ ರಿಲೀಸ್ ಬೇರಿಂಗನ್ನು ಒತ್ತಿ ಆ ಹಿಡಿತ ಬಿಡಿಸುತ್ತದೆ. ಪ್ಲೇಟ್ ಸವೆದ ಹಾಗೆ ಪೆಡಲಿನ ಪ್ಲೇ ಕಮ್ಮಿಯಾಗುತ್ತ ಬರುತ್ತದೆ. ಪೂರ್ತಿ ಇಲ್ಲವಾಯಿತೆಂದರೆ ನೀವು ಕಾಲಿಡದಿದ್ದರೂ ಕೇಬಲ್ ಆ ಬೇರಿಂಗನ್ನು ಒತ್ತಿಯೇ ಹಿಡಿದಿರುತ್ತದೆ. ಸದಾ ಸ್ವಲ್ಪ ಕ್ಲಚ್ ತುಳಿದುಕೊಂಡೇ ಓಡಿಸಿದ ಹಾಗೆ. ಆಗ ಏರಿನಲ್ಲಿ ಪ್ಲೇಟ್ ಹಿಡಿತ ತಪ್ಪಿ ಜಾರದೆ ಇನ್ನೇನು? ಅಂಥ ಗಾಡಿಗೆ ಕೇಬಲ್ ಅಡ್ಜಸ್ಟ್ ಮಾಡಿದರೆ ನಿಜಕ್ಕೂ ಸಾಕಾಗಬಹುದು. ಆದರೆ ಮಾಡಬೇಕಾದ್ದು ಸಡಿಲ, ಬಿಗಿ ಅಲ್ಲ. ಬಿಗಿ ಮಾಡಿದರೆ ಜಾರುವುದು ಇನ್ನೂ ಹೆಚ್ಚುತ್ತದೆ. ನಿಮ್ಮ ಭಾವನಿಗೆ ಅರ್ಧ ಅಂಕ ಕೊಡಬಹುದು.

ಪ್ಲೇ ಸರಿ ಇದ್ದೂ ಜಾರುತ್ತದೆ ಎಂದಾದರೆ ಮೆಕ್ಯಾನಿಕ್ ಹೇಳಿದ್ದರಲ್ಲಿ ಹುರುಳುಂಟು. ಖಾತ್ರಿ ಮಾಡಿಕೊಳ್ಳಲು ಬದಿಯಡ್ಕ–ಕುಂಬಳೆ ರಸ್ತೆಯಲ್ಲಿ ಹಿಂದೆ ಮುಂದೆ ಗಾಡಿ ಇಲ್ಲದ ನೇರ ಜಾಗ ನೋಡಿ, ನಾಲ್ಕನೇ ಗೇರಿನಲ್ಲಿ 40ರ ವೇಗದಲ್ಲಿರುವಾಗ ಎಕ್ಸಲರೇಟರ್ ಪೂರ್ತಿ ಒತ್ತಿ. ಸದ್ದೂ ವೇಗವೂ ನಿಧಾನಕ್ಕೆ ಒಟ್ಟಿಗೆ ಏರಿದರೆ ಕ್ಲಚ್ ಹಿಡಿಯುತ್ತಿದೆ. ಸದ್ದು ಮಾತ್ರ ಒಮ್ಮೆಲೇ ಮೇಲೆ ಹಾರಿ, ವೇಗದ ಮುಳ್ಳು ಇದ್ದಲ್ಲೇ ಇದ್ದರೆ ಪ್ಲೇಟ್ ಜಾರುತ್ತಿದೆ. ಆರ್‌ಪಿಎಂ ಮೀಟರ್ ಇಲ್ಲದಿದ್ದರೂ ಕಿವಿ ಸಾಕು. ಒಂದೆರಡು ಸಲ ಮಾಡಿ ಬಿಡಿ. ಹತ್ತು ಸಲ ಮಾಡಿದರೆ ಉಳಿದ ಪ್ಲೇಟೂ ಸುಡುತ್ತದೆ.

ಇನ್ನು ಚೀಟಿ. ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್, ಈ ಮೂರನ್ನು ಒಟ್ಟಿಗೆ ಬರೆದದ್ದು ಮೋಸವಲ್ಲ. ಪ್ಲೇಟ್ ಮಾತ್ರ ಬದಲಿಸಿದರೂ ಗೇರ್‌ಬಾಕ್ಸ್ ಇಳಿಸಲೇಬೇಕು, ಮಜೂರಿ ಅಷ್ಟೇ. ಆರು ತಿಂಗಳ ನಂತರ ಬೇರಿಂಗ್ ಕಿರುಗುಟ್ಟಿದರೆ ಮತ್ತೆ ಅದೇ ಮಜೂರಿ ಕೊಡಬೇಕು. ಓಯಿಲ್ ಹೊರಗೆ ಸೋರದಂತೆ ತಡೆಯುವ ಓಯಿಲ್ ಸೀಲ್‌ಗೂ ಇದೇ ಲೆಕ್ಕ: ಸೀಲ್ ಅಗ್ಗ, ಅದರ ಹತ್ತಿರ ಹೋಗುವ ದಾರಿ ದುಬಾರಿ. ಗೇರ್ ಓಯಿಲ್ ಏಕೆ ಎಂದು ಹುಬ್ಬೇರಿಸಬೇಡಿ, ಮುಂದಿನ ಚಕ್ರಕ್ಕೆ ಹೋಗುವ ಶಾಫ್ಟ್ ಎಳೆಯುವಾಗ ಹಳೆಯದನ್ನು ಹೇಗೂ ಇಳಿಸಬೇಕಾಗುತ್ತದೆ. ಕೇಬಲ್ ಒಂಬತ್ತು ಹತ್ತು ವರ್ಷ ಹಳತಾಗಿ ಪೆಡಲ್ ಭಾರವಾಗಿದ್ದರೆ ಹೊಸದು ಹಾಕಿಸಿ, ಇಲ್ಲವಾದರೆ ಅದು ಹೊರಗಿನಿಂದಲೇ ಬದಲಿಸುವ ಸಾಮಾನು, ಕಾಯಬಹುದು.

ನನಗೆ ಸರಿ ಕಾಣದ್ದು ಫ್ಲೈವೀಲ್. ಅದು ಇರುವುದು ಕ್ಲಚ್ಚಿನ ಹಿಂದೆ, ಎಂಜಿನ್ನಿಗೆ ಅಂಟಿಕೊಂಡು. ಒಂದು ರೌಂಡ್ ಓಡಿಸಿ ಬಂದು ಅದು ಹಾಳಾಗಿದೆ ಎಂದು ಹೇಳಲು ಎಂಥ ಪಳಗಿದ ಕೈಗೂ ಆಗುವುದಿಲ್ಲ. ಗೇರ್‌ಬಾಕ್ಸ್ ಇಳಿಸಿ ಪ್ಲೇಟ್ ತೆಗೆದ ಮೇಲೆ ಅದರ ಮುಖ ಕಾಣಬೇಕು. ಕೂದಲೆಳೆಯಂಥ ಬಿರುಕು, ಸುಟ್ಟು ನೀಲಿಯಾದ ಕಲೆ, ಪ್ಲೇಟಿನ ರಿವೆಟ್ (ಮೊಳೆ) ಕೊರೆದ ಗೆರೆ ಇದ್ದರೆ ಮಾತು ಬೇರೆ. ಗೆರೆ ಸಣ್ಣದಾದರೆ ಲೇತ್ ಯಂತ್ರದಲ್ಲಿ ಮುಖ ಸ್ವಲ್ಪ ಹೆರೆಸಿ ಸಮ ಮಾಡಿಸಿದರೆ ಸಾಕಾಗುತ್ತದೆ, ಬಿರುಕಿದ್ದರೆ ಹೊಸದೇ ಗತಿ. ಹಾಗಾಗಿ ಹೀಗೆ ಹೇಳಿ: ‘ಫ್ಲೈವೀಲ್ ಈಗ ಚೀಟಿಯಲ್ಲಿ ಬೇಡ. ಬಿಚ್ಚಿದ ಮೇಲೆ ಫೋನ್ ಮಾಡಿ, ನಾನು ಬಂದು ನೋಡುತ್ತೇನೆ.’ ಅದಕ್ಕೆ ಅವರು ‘ಬನ್ನಿ’ ಎಂದರೆ ನಿಮ್ಮ ಪ್ರಶ್ನೆಗೆ ಅಲ್ಲೇ ಅರ್ಧ ಉತ್ತರ ಸಿಕ್ಕಿತು. ಮುಖ ಗಂಟಿಕ್ಕಿದರೆ ಗಾಡಿ ಬಿಚ್ಚಿಸುವ ಮೊದಲು ಇನ್ನೊಂದು ಕಡೆ ತೋರಿಸಿ.

ಹೋದಾಗ ಹಳೇ ಪ್ಲೇಟನ್ನು ಕೈಗೆ ತೆಗೆದುಕೊಳ್ಳಿ. ಹೊಸ ಪ್ಲೇಟಿನಲ್ಲಿ ರಿವೆಟ್ಟಿನ ತಲೆ ಒಳಗೆ ಹುದುಗಿರುತ್ತದೆ. ಉಗುರು ಇಟ್ಟರೆ ಗುಂಡಿ ತಾಗುತ್ತದೆ. ಆ ಗುಂಡಿ ಸುಮಾರು ಅರ್ಧ ಮಿಲಿಮೀಟರಿಗಿಂತ ಕಮ್ಮಿಯಾಗಿದ್ದರೆ ಪ್ಲೇಟಿನ ಆಯುಷ್ಯ ಮುಗಿದಿದೆ. ಗುಂಡಿ ಚೆನ್ನಾಗಿದ್ದು ಮುಖ ಮಾತ್ರ ಕಪ್ಪಗೆ ಹೊಳೆಯುತ್ತಿದ್ದರೆ, ಮುಟ್ಟಿದಾಗ ಜಿಡ್ಡು ಹತ್ತಿದರೆ, ತಪ್ಪು ಪ್ಲೇಟಿನದ್ದಲ್ಲ, ಸೋರುವ ಸೀಲಿನದ್ದು. ಮೂಸಿ ನೋಡಿ. ಗೇರ್ ಓಯಿಲ್‌ಗೆ ಗಂಧಕದಂಥ ಕಟು ವಾಸನೆ, ಎಂಜಿನ್ ಓಯಿಲ್‌ಗೆ ಅದಿಲ್ಲ. ಯಾವ ಕಡೆಯ ಸೀಲ್ ಎಂದು ಅಲ್ಲಿಂದ ಗೊತ್ತಾಗುತ್ತದೆ. ಆ ಸೀಲ್ ಬಿಟ್ಟು ಪ್ಲೇಟ್ ಮಾತ್ರ ಹಾಕಿದರೆ ಬರುವ ಮಳೆಗಾಲಕ್ಕೆ ಇದೇ ಕಥೆ.

ಹಳೇ ಸಾಮಾನು ಮನೆಗೆ ಬರಲಿ. ಗ್ಯಾರೇಜಿನಲ್ಲಿ ತುಳು ನಡೆಯುತ್ತದಾದರೆ ‘ಪರತ್ ಪ್ಲೇಟ್ ಎಂಕ್ ಬೋಡು’ (ಹಳೇ ಪ್ಲೇಟ್ ನನಗೆ ಬೇಕು) ಎಂದು ನಗುತ್ತಲೇ ಹೇಳಿ, ಯಾರಿಗೂ ಬೇಸರವಾಗುವುದಿಲ್ಲ. ಹೊಸದರ ಪೆಟ್ಟಿಗೆಯನ್ನೂ ನೋಡಿ. ಹಾಕುವುದು ಕಂಪೆನಿಯದ್ದೋ, ವೇಲಿಯೋ, ಎಕ್ಸೆಡಿಯಂಥ ಹೆಸರಿನದ್ದೋ, ಹೆಸರಿಲ್ಲದ್ದೋ ಎಂಬುದು ಬಿಲ್ಲಿನಲ್ಲಿ ಬರಬೇಕು. ಬಿಲ್ ಬೇಡ, ಸ್ವಲ್ಪ ಕಮ್ಮಿ ಮಾಡಿ ಎಂದು ನಾವೇ ಕೇಳುವುದುಂಟು. ನಾಳೆ ತಕರಾರಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೂ, ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದರೂ ಮೊದಲು ಕೇಳುವುದು ಆ ಬಿಲ್ಲನ್ನೇ.

ಒಂದು ತಪ್ಪು ನಿಮ್ಮದೂ ಉಂಟು. ‘ಕ್ಲಚ್ ಹೋದ ಹಾಗಿದೆ’ ಎಂದು ರೋಗದ ಹೆಸರು ನೀವೇ ಹೇಳಿದಿರಿ. ಇನ್ನೊಬ್ಬರಿಗೆ ತೋರಿಸುವಾಗ ಆ ಮಾತೂ ಬೇಡ, ಮೊದಲ ಚೀಟಿಯನ್ನೂ ತೋರಿಸಬೇಡಿ. ‘ಏರಿನಲ್ಲಿ ಸದ್ದು ಬರುತ್ತದೆ, ಎಳೆಯುವುದಿಲ್ಲ, ವಾಸನೆ ಬರುತ್ತದೆ’ ಎಂದಷ್ಟೇ ಹೇಳಿ ಸುಮ್ಮನಾಗಿ. ಅವರೂ ತಾವಾಗಿ ಪ್ಲೇಟ್ ಎಂದರೆ ಮತ್ತೆ ಅನುಮಾನ ಬೇಡ. ತಡ ಮಾಡಬೇಡಿ ಕೂಡ. ಜಾರುವ ಪ್ಲೇಟಿನ ಬಿಸಿಗೆ, ಈಗ ಚೆನ್ನಾಗಿರಬಹುದಾದ ಫ್ಲೈವೀಲೂ ನಿಜವಾಗಿ ಸುಡುತ್ತದೆ. ಅಲ್ಲಿವರೆಗೆ ಗೊಬ್ಬರದ ಚೀಲಕ್ಕೆ ಪಿಕಪ್ ಹೇಳಿ. ಹೊಸದು ಹಾಕಿಸಿದ ಮೇಲೆ ಅಂಗಳದ ಏರಿಗೆ ಬುಡದಿಂದಲೇ ಒಂದನೇ ಗೇರು. ನಡುವೆ ನಿಲ್ಲಿಸಿ ಗೇಟ್ ತೆಗೆಯಲು ಕಾಯುವಾಗ ಹ್ಯಾಂಡ್‌ಬ್ರೇಕ್ ಹಾಕಿ, ಅರ್ಧ ಕ್ಲಚ್ಚಿನಲ್ಲಿ ಹಿಡಿದು ನಿಲ್ಲಿಸಬೇಡಿ.

ಪ್ರಶ್ನೆ: ನಮ್ಮ ಕಾರಿಗೆ ಕೇಬಲ್ ಇಲ್ಲ, ಹೈಡ್ರಾಲಿಕ್ ಕ್ಲಚ್. ಒಂದು ಬೆಳಗ್ಗೆ ಪೆಡಲ್ ನೆಲಕ್ಕೆ ಹೋಗಿ ಅಲ್ಲೇ ಕೂತಿತು, ಗೇರ್ ಬೀಳುವುದಿಲ್ಲ. ಕ್ಲಚ್ ಸೆಟ್ ಬದಲಿಸಬೇಕು ಎನ್ನುತ್ತಿದ್ದಾರೆ. (ಓದುಗರು, ಮಂಜೇಶ್ವರ)

ಉತ್ತರ: ಸವೆದ ಪ್ಲೇಟ್ ಜಾರುತ್ತದೆ, ಹೀಗೆ ಪೆಡಲನ್ನು ನೆಲಕ್ಕೆ ಬೀಳಿಸುವುದು ಅಪರೂಪ. ಹೈಡ್ರಾಲಿಕ್ ಎಂದರೆ ಕೇಬಲಿನ ಕೆಲಸವನ್ನು ಪೈಪಿನೊಳಗಿನ ಫ್ಲೂಯಿಡ್ (ದ್ರವ) ಮಾಡುತ್ತದೆ; ಮೊದಲು ಅದರ ಡಬ್ಬಿ ನೋಡಿ. ತುಂಬ ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ, ಹಾಗಾಗಿ ಮಟ್ಟ ಇಳಿದಿದ್ದರೆ ಗಾಡಿ ಹೊರಡಿಸಲೇಬೇಡಿ, ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ. ಸೋರಿಕೆ ಪೆಡಲ್ ಬುಡದ ಮಾಸ್ಟರ್ ಸಿಲಿಂಡರಿನಲ್ಲಿದ್ದರೆ ಕಾಲಡಿಯ ಮ್ಯಾಟ್ ಒದ್ದೆಯಾಗಿರುತ್ತದೆ. ಫ್ಲೂಯಿಡ್ಡಿನ ಒತ್ತಡವನ್ನು ಕ್ಲಚ್ಚಿಗೆ ಮುಟ್ಟಿಸುವ ಸ್ಲೇವ್ ಸಿಲಿಂಡರಿನಲ್ಲಿ ಸೋರಿಕೆಯಿದ್ದು, ಅದು ಗೇರ್‌ಬಾಕ್ಸಿನ ಹೊರಗಿದ್ದರೆ ಅದೊಂದನ್ನೇ ಬದಲಿಸಿ, ಪೈಪಿನೊಳಗಿನ ಗಾಳಿ ತೆಗೆದರೆ ಮುಗಿಯಿತು. ಒಳಗೆ ಬೇರಿಂಗಿನ ಜತೆಗೇ ಇರುವ ಮಾದರಿಯಾದರೆ ಮಾತ್ರ ಗೇರ್‌ಬಾಕ್ಸ್ ಇಳಿಸಬೇಕು. ಆಗ ಅವರು ‘ಸೆಟ್ಟೂ ಹಾಕಿಬಿಡೋಣ’ ಎಂದರೆ ಎಷ್ಟು ಕಿ.ಮೀ. ಓಡಿದೆ ನೋಡಿ, ಹಳೇ ಪ್ಲೇಟಿಗೆ ಉಗುರು ಇಟ್ಟು ನೋಡಿ, ಆಮೇಲೆ ಹೂಂ ಎನ್ನಿ.