ಬರೆದದ್ದನ್ನೇ ಬರೆಯುವ ಬೇಸರ

ಪ್ರಶ್ನೆ: ಖುಷಿಗೆಂದು ದಿನಾ ರಾತ್ರಿ ಮೂರು ಒಳ್ಳೆಯ ಸಂಗತಿ ಬರೆಯುತ್ತಿದ್ದೇನೆ. ಈಗ ಬರೆದದ್ದನ್ನೇ ಬರೆಯುವಂತಾಗಿದೆ. ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ, ಬರೆಯುವ ರೀತಿ ಬದಲಿಸಿ. ‘ಮನೆಯವರು, ಆರೋಗ್ಯ, ಕೆಲಸ’ ಎಂಬ ಪಟ್ಟಿಗೆ ಮನಸ್ಸು ಬೇಗ ಒಗ್ಗಿಹೋಗುತ್ತದೆ. ಕೈ ಬರೆಯುತ್ತದೆ, ಒಳಗೆ ತಾಗುವುದಿಲ್ಲ. ಆ ದಿನವೇ ನಡೆದ ಸಣ್ಣ ಘಟನೆ ಹಿಡಿಯಿರಿ: ‘ಮಧ್ಯಾಹ್ನ ಗೆಳತಿ ತಾನಾಗಿ ಫೋನ್ ಮಾಡಿದಳು.’ ಕೆಳಗೆ, ಅದು ಯಾಕಾಯಿತು ಎಂದು ಒಂದು ಸಾಲು. ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸಂಗಡಿಗರ 2005ರ ಅಧ್ಯಯನದಲ್ಲೂ ಕಾರಣ ಬರೆಯುವುದು ಅಭ್ಯಾಸದ ಭಾಗವೇ ಆಗಿತ್ತು. ಅದನ್ನೇ ಬಿಟ್ಟರೆ ಉಳಿಯುವುದು ಬರೀ ಪಟ್ಟಿ. ದಿನಾ ಭಾರವೆನಿಸಿದರೆ ವಾರಕ್ಕೆ ಒಂದೆರಡು ಸಲ ಸಾಕು.

ಎರಡು ವಾರಕ್ಕೂ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿಯಿಲ್ಲದೆ ನಿದ್ದೆ ಕೆಟ್ಟಿದ್ದರೆ ಮಾತ್ರ ಡೈರಿಯನ್ನೇ ನಂಬಿ ಕೂರಬೇಡಿ, ವೈದ್ಯರನ್ನು ಕಾಣಿರಿ.