10ಜಿ ಫೈಬರ್ ಲಿಂಕ್‌ನಲ್ಲಿ 0.1% ಪ್ಯಾಕೆಟ್ ಲಾಸ್: ‘1% ತನಕ ನಾರ್ಮಲ್’ ಅನ್ನೋ ಪ್ರೊವೈಡರ್ ಮಾತು ಒಪ್ಪಬಹುದಾ?

ಒಪ್ಪಬೇಡಿ. ಪ್ಯಾಕೆಟ್ ಲಾಸ್ ಅಂದರೆ ಕಳಿಸಿದ ಡೇಟಾ ತುಂಡುಗಳು ದಾರಿಯಲ್ಲೇ ಕಳೆದುಹೋಗೋದು. ವೈಟ್‌ಫೀಲ್ಡ್ ಆಫೀಸಿಂದ ಎಲೆಕ್ಟ್ರಾನಿಕ್ ಸಿಟಿ ಡೇಟಾ ಸೆಂಟರಿಗೆ ನೀವು ತಗೊಂಡಿರೋದು ಪಾಯಿಂಟ್-ಟು-ಪಾಯಿಂಟ್ (ಎರಡೇ ಜಾಗಗಳ ನಡುವಿನ ನೇರ) ಫೈಬರ್. 1% ಅನ್ನೋದು ಇಂಟರ್ನೆಟ್ ಕಾಲ್‌ನಲ್ಲಿ ಮಾತು ಕೇಳಿಸಿದರೆ ಸಾಕು ಅನ್ನೋ ಲೆಕ್ಕ.

10ಜಿ ಈಥರ್ನೆಟ್ ಸ್ಟ್ಯಾಂಡರ್ಡ್‌ನಲ್ಲಿರೋ ಬಿಟ್ ಎರರ್ ರೇಟ್ 10⁻¹², ಅಂದರೆ ಲಕ್ಷ ಕೋಟಿ ಬಿಟ್‌ಗೆ ಒಂದು ಕೆಡಬಹುದು. ಲೈನ್ ಪೂರ್ತಿ ತುಂಬಿ ಓಡಿದರೂ 100 ಸೆಕೆಂಡಿಗೆ ಒಂದು ಬಿಟ್ ಕೆಡಬಹುದು, ಅಷ್ಟೆ. ಅಷ್ಟರಲ್ಲಿ ದೊಡ್ಡ ಫ್ರೇಮ್‌ಗಳೇ (ಈಥರ್ನೆಟ್ ಡೇಟಾ ತುಂಡುಗಳು) ಸುಮಾರು 8 ಕೋಟಿ ದಾಟಿರ್ತವೆ. ಒಂದು ಹೋಗಬೇಕಾದ ಕಡೆ ನಿಮಗೆ 80 ಸಾವಿರ ಹೋಗ್ತಿವೆ. ಡೇಟಾ ಕಳಿಸೋ ವೇಗ ನಿರ್ಧರಿಸೋ ಟಿಸಿಪಿಯ ಹಳೇ ರೀನೋ ಮಾದರಿಗೆ 0.1% ಲಾಸ್ ಇದ್ದರೆ, 2 ಮಿಲಿಸೆಕೆಂಡ್ ಆರ್‌ಟಿಟಿಯಲ್ಲಿ (ಹೋಗಿ ಬರೋ ಸಮಯ) ಒಂದು ಕನೆಕ್ಷನ್ 225 ಎಂಬಿಪಿಎಸ್ ಹತ್ತಿರ ನಿಲ್ಲುತ್ತೆ. ಅದೇ ಲಾಸ್ ಇಟ್ಕೊಂಡು 220 ಮಿಲಿಸೆಕೆಂಡ್ ದೂರದ ಅಮೆರಿಕ ಸರ್ವರಿಗೆ ಹೋದರೆ ಬರೀ 2 ಎಂಬಿಪಿಎಸ್. ಹೊಸ ಟಿಸಿಪಿ ಮಾದರಿಗಳಲ್ಲಿ ಕ್ಯೂಬಿಕ್ ಸ್ವಲ್ಪ ವಾಸಿ. ಬಿಬಿಆರ್ ಇಷ್ಟು ಲಾಸಿಗೆ ಹೆಚ್ಚು ತಲೆ ಕೆಡಿಸಿಕೊಳ್ಳಲ್ಲ.

ಮೊದಲು ಲಾಸ್ ನಿಜವಾ ನೋಡಿ. ರೂಟರಿಗೇ ಪಿಂಗ್ ಹೊಡೆದರೆ ಅದರ ಸಿಪಿಯು ಉತ್ತರಗಳಿಗೆ ಮಿತಿ ಹಾಕಿರುತ್ತೆ, ಹಾಗಾಗಿ ಇಲ್ಲದ ಲಾಸ್ ಕಾಣಬಹುದು. ರೂಟರ್ ಹಿಂದಿರೋ ಮಷೀನಿಗೆ ಹೊಡೀರಿ. ದಾರಿಯ ಪ್ರತಿ ಹಾಪ್ (ರೂಟರ್) ತೋರಿಸೋ ಎಂಟಿಆರ್ ಟೂಲ್‌ನಲ್ಲಿ ನಡುವಿನ ಹಾಪ್‌ನಲ್ಲಿ ಲಾಸ್ ಕಂಡು ಕೊನೇ ಹಾಪ್‌ನಲ್ಲಿ ಇಲ್ಲದಿದ್ದರೆ ಬಿಟ್ಟುಬಿಡಿ.

ನಿಜ ಅಂತಾದರೆ ಎರಡೂ ತುದಿಯ ಪೋರ್ಟ್ ಕೌಂಟರ್ ನೋಡಿ. ಸಿಆರ್‌ಸಿ (ಕೆಟ್ಟು ಬಂದ ಫ್ರೇಮ್‌ಗಳ ಲೆಕ್ಕ) ಏರದೆ ಡ್ರಾಪ್ (ಬಿಸಾಡಿದ ಪ್ಯಾಕೆಟ್ ಲೆಕ್ಕ) ಮಾತ್ರ ಏರ್ತಿದ್ದರೆ ಫೈಬರ್ ತಪ್ಪಲ್ಲ: ಕ್ಯೂ ತುಂಬ್ತಿದೆ, ಇಲ್ಲವೇ ಪ್ರೊವೈಡರ್ ಪೋಲೀಸರ್ (ಸ್ಪೀಡ್ ಮಿತಿ ದಾಟಿದ ಪ್ಯಾಕೆಟ್ ಬಿಸಾಡೋ ವ್ಯವಸ್ಥೆ) ಕತ್ತರಿಸ್ತಿದೆ. ನಿಮ್ಮ ಕಡೆಯಿಂದಲೇ, ಒಪ್ಪಂದದ ಸ್ಪೀಡಿನ 95%ಗೆ ಶೇಪ್ ಮಾಡಿ (ಕಳಿಸೋ ವೇಗ ತಗ್ಗಿಸಿ) ನೋಡಿ.

ಸಿಆರ್‌ಸಿ ಏರ್ತಿದ್ದರೆ ಬೆಳಕಿನ ಸಮಸ್ಯೆ. ಈ ದೂರಕ್ಕೆ ಸಾಮಾನ್ಯವಾಗಿ 40 ಕಿ.ಮೀ.ಯ ಇಆರ್ ಮಾಡ್ಯೂಲ್ (ಬೆಳಕು ಕಳಿಸಿ ಪಡೆಯೋ ಭಾಗ) ಹಾಕಿರ್ತಾರೆ. ಬರುವ ಬೆಳಕಿನ ಪವರ್ -15.8 ಡಿಬಿಎಂಗಿಂತ ಕೆಳಗಿಳೀಬಾರದು, -1 ದಾಟಲೂಬಾರದು. ಜಾಸ್ತಿ ಬಂದರೆ ಬೆಳಕು ತಗ್ಗಿಸೋ ಅಟೆನ್ಯುಯೇಟರ್ ಬೇಕು. ಕನೆಕ್ಟರ್ ತುದಿಯನ್ನ ಸ್ಕೋಪ್‌ನಲ್ಲಿ ನೋಡಿ, ಕ್ಲೀನರ್ ಪೆನ್ನಿಂದ ಒರೆಸಿ, ಮತ್ತೆ ಸ್ಕೋಪ್‌ನಲ್ಲಿ ನೋಡಿಯೇ ಚುಚ್ಚಿ. ಇಆರ್ ಓಡೋದು 1550 ನ್ಯಾನೋಮೀಟರ್ ತರಂಗಾಂತರದ ಬೆಳಕಲ್ಲಿ. ಬಾಗಿದ ಕಡೆ ಇದು 1310ಕ್ಕಿಂತ ಹೆಚ್ಚು ಸೋರುತ್ತೆ. ರ‍್ಯಾಕ್ ಬಾಗಿಲಿಗೆ ಸಿಕ್ಕಿಕೊಂಡ ಪ್ಯಾಚ್ ಕಾರ್ಡ್ ಒಂದೇ ಸಾಕು ಲಿಂಕ್ ಕೆಡಿಸೋಕೆ. ಅಲ್ಲೆಲ್ಲ ಸರಿ ಇದ್ದರೆ ಒಟಿಡಿಆರ್ ಟ್ರೇಸ್ (ಫೈಬರ್ ಉದ್ದಕ್ಕೂ ಎಲ್ಲಿ ಎಷ್ಟು ಬೆಳಕು ನಷ್ಟ ಅಂತ ತೋರಿಸೋ ಗ್ರಾಫ್) ಕೇಳಿ. ಔಟರ್ ರಿಂಗ್ ರೋಡ್ ಅಗೆದಾಗಲೆಲ್ಲ ಅವಸರದಲ್ಲಿ ಹಾಕಿದ ಜಾಯಿಂಟ್‌ಗಳು ಅದರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣ್ತವೆ. ಒಳ್ಳೆ ಸ್ಪ್ಲೈಸ್‌ನ (ಜಾಯಿಂಟ್) ನಷ್ಟ 0.1 ಡಿಬಿ ದಾಟಲ್ಲ. ಮಳೆ ಬಂದಾಗ ಮಾತ್ರ ಎರರ್ ಏರಿದರೆ ಜಾಯಿಂಟ್ ಬಾಕ್ಸಿಗೆ ನೀರು ಹೋಗಿದೆಯಾ ತೆಗೆಸಿ ನೋಡಿ.

 

ರಿಪೇರಿ ಆದಮೇಲೆ ಟೆಸ್ಟರ್ ಇಟ್ಟು ಪೂರ್ತಿ 10ಜಿ ತುಂಬಿಸಿ 300 ಸೆಕೆಂಡ್ ಓಡಿಸಿ. ಒಂದೂ ಎರರ್ ಬರದಿದ್ದರೆ 10⁻¹²ಕ್ಕಿಂತ ಚೆನ್ನಾಗಿದೆ ಅಂತ 95% ಭರವಸೆಯಿಂದ ಹೇಳಬಹುದು. ಜೊತೆಗೆ, ಲಿಂಕ್ ಒಪ್ಪಂದದಂತೆ ಇದೆಯಾ ಅಳೆಯೋ ವೈ.1564 ಟೆಸ್ಟ್ ರಿಪೋರ್ಟ್ ಕೈಗೆ ಬರೋವರೆಗೆ ಟಿಕೆಟ್ ಕ್ಲೋಸ್ ಮಾಡೋಕೆ ಬಿಡಬೇಡಿ.