ಜೋರಾಗಿ ಹೊಡೆದರೆ ಹೊರಗೆ, ಮೆಲ್ಲಗೆ ಹೊಡೆದರೆ ನೆಟ್‌ಗೆ!

ಪ್ರಶ್ನೆ: ನನಗೆ 44 ವರ್ಷ. ಮಂಗಳೂರಿನಲ್ಲಿದ್ದಾಗ ವಾರಕ್ಕೆ ಮೂರು ದಿನ ಟೆನಿಸ್ ಆಡುತ್ತಿದ್ದೆ. ಹೋದ ವರ್ಷ ಬೆಂಗಳೂರಿಗೆ ವರ್ಗವಾಯಿತು. ಇಲ್ಲಿ ನನ್ನ ಫೋರ್‌ಹ್ಯಾಂಡ್ ಹೊಡೆತ ಬೇಸ್‌ಲೈನ್ (ಕೋರ್ಟ್‌ನ ಹಿಂದಿನ ಗೆರೆ) ದಾಟಿ ಬೀಳುತ್ತದೆ. ಹೆದರಿ ಮೆಲ್ಲಗೆ ಹೊಡೆದರೆ ನೆಟ್‌ಗೆ ಹೋಗುತ್ತದೆ. ವಾರ್ಮ್‌ಅಪ್‌ನಲ್ಲಿ ಚೆನ್ನಾಗಿಯೇ ಆಡುತ್ತೇನೆ, ಪಾಯಿಂಟ್ ಎಣಿಸಲು ಶುರು ಮಾಡಿದರೆ ಎಲ್ಲ ಕೆಡುತ್ತದೆ. ಏನು ಮಾಡಲಿ ಸರ್?

ಉತ್ತರ: ತಪ್ಪು ಪೂರ್ತಿ ನಿಮ್ಮದಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ತೆಳು, ಚೆಂಡನ್ನು ತಡೆಯುವುದು ಕಡಿಮೆ. ಮಂಗಳೂರಿನಲ್ಲಿ ಗೆರೆಯೊಳಗೆ ಬೀಳುತ್ತಿದ್ದ ಅದೇ ಹೊಡೆತ ಇಲ್ಲಿ ಗೆರೆ ದಾಟುತ್ತದೆ. ಮೊಣಕೈ ನೋವಿಲ್ಲದಿದ್ದರೆ ರಾಕೆಟ್‌ನ ಸ್ಟ್ರಿಂಗ್ ಒಂದೆರಡು ಪೌಂಡ್ ಬಿಗಿ ಮಾಡಿಸಿ ನೋಡಿ, ಚೆಂಡು ಸ್ವಲ್ಪ ಕಡಿಮೆ ಚಿಮ್ಮುತ್ತದೆ.

ಆದರೆ ಹೆದರಿ ಮೆಲ್ಲಗೆ ಹೊಡೆಯುವುದನ್ನು ಇವತ್ತೇ ಬಿಡಿ. ಹೆದರಿದಾಗ ಕೈ ಅರ್ಧಕ್ಕೇ ನಿಂತುಬಿಡುತ್ತದೆ, ಚೆಂಡು ತಿರುಗುವುದೇ ಇಲ್ಲ. ರಾಕೆಟ್ ಚೆಂಡಿಗಿಂತ ಕೆಳಗಿಂದ ಹೊರಟು, ಚೆಂಡಿನ ಬೆನ್ನು ಸವರಿಕೊಂಡು ಮೇಲೇರಿ, ಇನ್ನೊಂದು ಹೆಗಲ ಮೇಲೆ ಹೋಗಿ ನಿಲ್ಲಬೇಕು. ಆಗ ಟಾಪ್‌ಸ್ಪಿನ್, ಅಂದರೆ ಚೆಂಡಿಗೆ ಮುಂದಕ್ಕೆ ಉರುಳುವಂಥ ತಿರುಗು, ಸಿಗುತ್ತದೆ. ಚೆಂಡು ಎತ್ತರಕ್ಕೆ ಹೋಗಿಯೂ ಗೆರೆಯೊಳಗೇ ಇಳಿಯುತ್ತದೆ.

ಎಷ್ಟು ಎತ್ತರ? ನಾನು ಕಲಿಸುವಾಗ ನೆಟ್‌ನ ಎರಡೂ ಬದಿಗೆ ಬಿದಿರು ನಿಲ್ಲಿಸಿ, ನೆಟ್‌ಗಿಂತ ಮೂರಡಿ ಮೇಲೆ ಒಂದು ಹಗ್ಗ ಕಟ್ಟುತ್ತೇನೆ. ಬೇಸ್‌ಲೈನ್‌ನಿಂದ ಹೊಡೆದ ಚೆಂಡು ಆ ಹಗ್ಗದ ಆಸುಪಾಸಿನಲ್ಲಿ ಹೋಗಬೇಕು. ಮೊದಲ ದಿನ ಎಲ್ಲರಿಗೂ ಆಶ್ಚರ್ಯ, 'ಇಷ್ಟು ಮೇಲಾ?' ಅಂತ. ನೆಟ್ ಮೇಲೆ ಒಂದು ಗೇಣು ಜಾಗದಲ್ಲಿ ಚೆಂಡು ತೂರಿಸುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ನೋಡಲು ಚಂದ, ಆದರೆ ಚೂರು ತಪ್ಪಿದರೂ ಪಾಯಿಂಟ್ ಹೋಯಿತು.

ಇನ್ನು ವಾರ್ಮ್‌ಅಪ್ ವಿಷಯ. ಅಲ್ಲಿ ನೀವು ಎದುರಿನವರ ಕಡೆಗೇ ಹೊಡೆಯುತ್ತೀರಿ, ಅಲ್ವಾ? ಮ್ಯಾಚ್‌ನಲ್ಲಿ ಕಣ್ಣು ಪಕ್ಕದ ಗೆರೆಯ ಮೇಲೆ ಹೋಗುತ್ತದೆ. ನೆಟ್ ನಡುವೆ 3 ಅಡಿ, ಕಂಬದ ಹತ್ತಿರ ಮೂರೂವರೆ ಅಡಿ. ಕೋರ್ಟ್ ಉದ್ದ ನೇರಕ್ಕೆ 78 ಅಡಿ, ಮೂಲೆಯಿಂದ ಮೂಲೆಗೆ 82 ಅಡಿಗೂ ಜಾಸ್ತಿ. ಅಂದರೆ ಕ್ರಾಸ್‌ಕೋರ್ಟ್ (ಓರೆಯಾಗಿ ಎದುರು ಮೂಲೆಗೆ) ಹೊಡೆದರೆ ನೆಟ್ ಅರ್ಧ ಅಡಿ ತಗ್ಗು, ಚೆಂಡು ಬೀಳಲು ಜಾಗ ನಾಲ್ಕಡಿ ಹೆಚ್ಚು. ಇಷ್ಟು ಅನುಕೂಲ ಬಿಟ್ಟು ಯಾಕೆ ಡೌನ್ ದ ಲೈನ್ (ಪಕ್ಕದ ಗೆರೆಗುಂಟ ನೇರಕ್ಕೆ) ಹೋಗಬೇಕು? ಚೆಂಡು ಗಿಡ್ಡವಾಗಿ, ನೆಟ್ ಹತ್ತಿರವೇ ಬಿದ್ದು, ನೀವು ಕೋರ್ಟ್ ಒಳಗೆ ನಿಂತು ಹೊಡೆಯುವಂತಿದ್ದರೆ ಮಾತ್ರ ಹೋಗಿ.

ಹೆದರಿ ಮೆಲ್ಲಗೆ ಹೊಡೆಯಬೇಡಿ ಅಂದದ್ದು ಸೆಕೆಂಡ್ ಸರ್ವ್‌ಗೂ (ಮೊದಲ ಸರ್ವ್ ತಪ್ಪಿದಾಗ ಸಿಗುವ ಎರಡನೇ ಅವಕಾಶ) ಅನ್ವಯ. ಸುಮ್ನೆ ತಟ್ಟಬೇಡಿ. ಕೈ ಅಷ್ಟೇ ಜೋರಾಗಿ ಬೀಸಲಿ, ಆ ಜೋರು ಸ್ಪಿನ್‌ಗೆ ಹೋಗಲಿ.

ಈ ಶನಿವಾರ ಜೊತೆಗಾರರೊಡನೆ ಅರ್ಧ ಗಂಟೆ ಬರೀ ಕ್ರಾಸ್‌ಕೋರ್ಟ್ ಆಡಿ. ಗೆಲ್ಲುವ ಹೊಡೆತ ಬೇಡ. ಇಬ್ಬರೂ ಸೇರಿ ಹೊಡೆತಗಳನ್ನು ಗಟ್ಟಿಯಾಗಿ ಎಣಿಸಿ. 20 ತಲುಪುವ ಮುಂಚೆ ತಪ್ಪಿದರೆ ಮತ್ತೆ ಒಂದರಿಂದ. ಮೊದಲ ವಾರ ಎಂಟು, ಹತ್ತಕ್ಕೇ ನಿಂತರೂ ಬೇಸರ ಬೇಡ. ತಿಂಗಳು ಬಿಟ್ಟು ಎಣಿಕೆ ಎಷ್ಟಕ್ಕೆ ಬಂತು ಅಂತ ಬರೆಯಿರಿ, ಕಾಯುತ್ತಿರುತ್ತೇನೆ.